ಗುಚ್ಛಗತ ಸಂದೇಶ-ಸಂಸ್ಕರಣ ವ್ಯವಸ್ಥೆಗಳಲ್ಲಿ ಸಮಷ್ಟಿ ಸ್ಥಿತಿಯ ನಿರ್ವಹಣೆ

ಸಮಷ್ಟಿ ಸ್ಥಿತಿಯ ನಿರ್ವಹಣೆ ಎಂಬುದು, ಜಾಲದ ಮೂಲಕ ಕೂಡಿಕೊಂಡು ಒಂದೇ ಕಾರ್ಯದಲ್ಲಿ ತೊಡಗಿದ ಅನೇಕ ಗಣಕಯಂತ್ರಗಳು ಎಡೆಬಿಡದೆ ಬರುವ ಸಂದೇಶಗಳನ್ನು ತಮ್ಮೊಳಗೆ ಹಂಚಿಕೊಂಡು ಸಂಸ್ಕರಿಸುವಾಗ, ಹಿಂದಿನ ಸಂದೇಶಗಳಿಂದ ಉಂಟಾಗಿ ಮುಂದಿನ ಸಂದೇಶಗಳ ತೀರ್ಮಾನಕ್ಕೆ ಅವಶ್ಯವಾಗುವ ಮಾಹಿತಿಯನ್ನು ಆ ಯಂತ್ರಗಳೆಲ್ಲವೂ ಪರಸ್ಪರ ವಿರೋಧವಿಲ್ಲದೆ ಕಾಣುವಂತೆಯೂ, ಯಾವುದಾದರೊಂದು ಯಂತ್ರ ಕೆಟ್ಟು ನಿಂತರೂ ಅದು ನಷ್ಟವಾಗದಂತೆಯೂ, ಒಂದೇ ಸಂದೇಶ ಎರಡಾವರ್ತಿ ಬಂದರೂ ಅದು ವಿಕಾರಗೊಳ್ಳದಂತೆಯೂ ಕಾಪಾಡುವ ತಂತ್ರಗಳ ಸಮುದಾಯ. ಬ್ಯಾಂಕು, ರೈಲ್ವೆ, ದೂರವಾಣಿ, ಹೆದ್ದಾರಿ ಸುಂಕ ಮೊದಲಾದ ವ್ಯವಹಾರಗಳಲ್ಲಿ ಜನರು ಪ್ರತಿದಿನವೂ ಅರಿವಿಲ್ಲದೆಯೇ ಇದರ ಫಲವನ್ನು ಅನುಭವಿಸುತ್ತಾರೆ.

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನಲ್ಲಿ, ಮುಂಬಯಿ-ಆಗ್ರಾ ಹೆದ್ದಾರಿಯ ಮೇಲಿರುವ ಪಿಂಪಳಗಾಂವ್ ಬಸವಂತ್ ಈರುಳ್ಳಿ, ಟೊಮೇಟೊ, ದ್ರಾಕ್ಷಿಗಳ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿನ ಟೋಲ್ ಪ್ಲಾಜಾದಲ್ಲಿ ಫಾಸ್ಟ್ಯಾಗ್ ಎಂಬ ರೇಡಿಯೋ ಟ್ಯಾಗಿನ ಮೂಲಕ ನಡೆಯುವ ಸುಂಕವಸೂಲಿಯು ಈ ವಿಷಯದ ಬಹುತೇಕ ಅಂಗಗಳನ್ನು ಒಂದೇ ಎಡೆಯಲ್ಲಿ ತೋರಿಸುವುದರಿಂದ ಪ್ರಸ್ತುತ ಲೇಖನದಲ್ಲಿ ಅದನ್ನೇ ಮುಖ್ಯ ನಿದರ್ಶನವಾಗಿ ಇಟ್ಟುಕೊಳ್ಳಲಾಗಿದೆ.

ಪರಿಭಾಷೆ

ಒಂದು ಘಟನೆಯನ್ನೋ ಕೋರಿಕೆಯನ್ನೋ ತಿಳಿಸುವ, ಆದಿ-ಅಂತ್ಯಗಳು ಗೊತ್ತಾಗಿರುವ ದತ್ತಾಂಶದ ಘಟಕಕ್ಕೆ ಸಂದೇಶವೆಂದು ಹೆಸರು. ಗುಚ್ಛ ಅಥವಾ ಕ್ಲಸ್ಟರಿನ ಪ್ರತಿಯೊಂದು ಯಂತ್ರವೂ ನೋಡ್. ಸಂದೇಶಗಳು ಬಂದ ಕ್ರಮದಲ್ಲಿ ಕಾದು ನಿಲ್ಲುವ ಸ್ಥಾನ ಸರತಿ. ಬಂದ ಸಂದೇಶಗಳನ್ನು ಅಳಿಸದೆ ಒಂದರ ಮುಂದೊಂದಾಗಿ ಬರೆದಿಡುವ ಕಡತ ಲಾಗ್. ಹಿಂದೆ ನಡೆದುದರ ಯಾವ ಅಂಶವನ್ನು ನೆನಪಿನಲ್ಲಿಡದ ಹೊರತು ಮುಂದಿನ ಸಂದೇಶಕ್ಕೆ ಸರಿಯಾದ ಉತ್ತರ ಕೊಡಲು ಸಾಧ್ಯವಿಲ್ಲವೋ ಆ ಅಂಶವೇ ಸ್ಥಿತಿ. ಒಂದಕ್ಕಿಂತ ಹೆಚ್ಚು ನೋಡ್‌ಗಳು ಅದನ್ನು ಓದುವ ಅಥವಾ ಬದಲಿಸುವ ಅಧಿಕಾರ ಪಡೆದಿದ್ದರೆ ಅದು ಸಮಷ್ಟಿ ಸ್ಥಿತಿ. ಅದರ ಮೂಲ ದಾಖಲೆಯನ್ನು ಹೊಂದಿ ಬದಲಾವಣೆಯ ಅಧಿಕಾರವುಳ್ಳ ನೋಡ್ ಒಡೆಯ. ಬೇರೆಡೆಗಳಲ್ಲಿ ಇರುವವು ಪ್ರತಿಗಳು. ಪ್ರತಿಯು ಮೂಲಕ್ಕಿಂತ ಹಿಂದುಳಿದಿರಬಹುದಾದ ಗರಿಷ್ಠ ಕಾಲವನ್ನು ಇಲ್ಲಿ ವಿಳಂಬಾವಧಿ ಎಂದು ಕರೆಯಲಾಗಿದೆ. ನೋಡ್‌ಗಳು ಕೆಡದೆಯೇ ಅವುಗಳ ನಡುವಣ ಸಂಪರ್ಕ ಮಾತ್ರ ಕಡಿದುಹೋಗುವುದು ಜಾಲವಿಚ್ಛೇದ. ಒಂದೇ ಸಂದೇಶವನ್ನು ಎಷ್ಟು ಸಲ ಸಂಸ್ಕರಿಸಿದರೂ ಒಂದು ಸಲ ಸಂಸ್ಕರಿಸಿದಷ್ಟೇ ಫಲ ಉಂಟಾಗುವ ಗುಣಕ್ಕೆ ಪುನರುಕ್ತಿ-ನಿರಪಾಯತೆ ಎಂದು ಹೆಸರಿಡಬಹುದು; ಇಂಜಿನಿಯರುಗಳ ಬಾಯಲ್ಲಿ ಇದು ಐಡೆಂಪೊಟೆನ್ಸಿ.

ಹುಟ್ಟು ಮತ್ತು ಬೆಳವಣಿಗೆ

ಒಂದೇ ಯಂತ್ರದ ಸ್ಮೃತಿಯಲ್ಲಿ ಸ್ಥಿತಿಯೆಲ್ಲವೂ ಇರುತ್ತಿದ್ದ ಕಾಲದಲ್ಲಿ ಈ ಸಮಸ್ಯೆ ದತ್ತಸಂಚಯಗಳ ಬೀಗಗಳಿಗಷ್ಟೇ ಸೀಮಿತವಾಗಿತ್ತು. 1970ರ ದಶಕದಲ್ಲಿ ಬ್ಯಾಂಕುಗಳೂ ವಿಮಾನಸಂಸ್ಥೆಗಳೂ ಎಂದಿಗೂ ನಿಲ್ಲದ ಯಂತ್ರಗಳನ್ನು ಬಯಸತೊಡಗಿದುದರಿಂದ, ಒಂದು ಕೆಟ್ಟರೆ ಇನ್ನೊಂದು ಕೆಲಸವನ್ನು ವಹಿಸಿಕೊಳ್ಳುವ ಜೋಡಿಯಂತ್ರಗಳ ಕಲ್ಪನೆ ಬಲಗೊಂಡಿತು. 1974ರಲ್ಲಿ ಸ್ಥಾಪಿತವಾದ ಟ್ಯಾಂಡೆಮ್ ಸಂಸ್ಥೆಯ ನಾನ್‌ಸ್ಟಾಪ್ ಯಂತ್ರಗಳು ಈ ಮಾರ್ಗದ ಮೊದಲ ಯಶಸ್ವೀ ಪ್ರಯೋಗಗಳು. 1983ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆ ಹೊರತಂದ ವ್ಯಾಕ್ಸ್‌ಕ್ಲಸ್ಟರ್, ಗುಚ್ಛದ ಎಲ್ಲ ನೋಡ್‌ಗಳಿಗೂ ಅನ್ವಯಿಸುವ ಬೀಗವ್ಯವಸ್ಥೆಯೊಂದನ್ನು ಒಳಗೊಂಡಿದ್ದು, ಇಂದಿನ ಪದ್ಧತಿಗಳ ನೇರ ಪೂರ್ವಜವೆನ್ನಲು ಯೋಗ್ಯವಾಗಿದೆ.

ಸಿದ್ಧಾಂತದ ತಳಹದಿ ಬಿದ್ದುದೂ ಇದೇ ಕಾಲದಲ್ಲಿ. ದೂರದೂರ ಇರುವ ಯಂತ್ರಗಳ ಗಡಿಯಾರಗಳನ್ನು ನಂಬದೆ, ಯಾವ ಘಟನೆ ಯಾವುದರ ಹಿಂದಿನದು ಎಂಬ ಕ್ರಮವನ್ನು ಸಂದೇಶಗಳ ಹೋಗುಬರವಿನಿಂದಲೇ ನಿರ್ಣಯಿಸಬಹುದೆಂದು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ತೋರಿಸಿದರು. 1985ರಲ್ಲಿ ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು, ಸಂದೇಶ ಮುಟ್ಟಲು ಇಷ್ಟೇ ಕಾಲ ಬೇಕೆಂಬ ಮಿತಿಯಿಲ್ಲದ ಜಾಲದಲ್ಲಿ ಒಂದೇ ಒಂದು ನೋಡ್ ಕೆಡಬಹುದಾದರೂ ಸಹಮತವು ಖಂಡಿತವಾಗಿ ಮುಗಿಯುವುದೆಂಬ ಭರವಸೆಯನ್ನು ಯಾವ ನಿಯತ ಕ್ರಮವಿಧಿಯೂ ಕೊಡಲಾರದೆಂದು ಸಾಧಿಸಿದರು. ಅದೇ ವರ್ಷ, ಕೇರಳದಲ್ಲಿ ಹುಟ್ಟಿ ಮದರಾಸಿನ ಐಐಟಿಯಲ್ಲಿ ಕಲಿತ ಕೆ. ಮಣಿ ಚಾಂಡಿಯವರು ಲ್ಯಾಂಪೋರ್ಟರೊಡನೆ ಸೇರಿ, ಓಡುತ್ತಿರುವ ವ್ಯವಸ್ಥೆಯನ್ನು ನಿಲ್ಲಿಸದೆಯೇ ಅದರ ಸಮಗ್ರ ಸ್ಥಿತಿಯ ಸುಸಂಗತವಾದ ಚಿತ್ರವನ್ನು ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಇಂದಿನ ಪ್ರವಾಹ-ಸಂಸ್ಕರಣ ತಂತ್ರಾಂಶಗಳ ಚೆಕ್‌ಪಾಯಿಂಟುಗಳು ಇದರ ಸಂತತಿಯೇ. ಲ್ಯಾಂಪೋರ್ಟರ ಪ್ಯಾಕ್ಸೋಸ್ ಎಂಬ ಸಹಮತದ ಕ್ರಮವಿಧಿ 1998ರಲ್ಲಿ ಅಚ್ಚಾಯಿತು. ಎರಿಕ್ ಬ್ರೂವರ್ 2000ದಲ್ಲಿ ಊಹಿಸಿ, ಗಿಲ್ಬರ್ಟ್ ಮತ್ತು ಲಿಂಚ್ 2002ರಲ್ಲಿ ಸಾಧಿಸಿದ ಪ್ರಮೇಯದ ಪ್ರಕಾರ, ಜಾಲವಿಚ್ಛೇದ ಸಂಭವಿಸಿದಾಗ ಸುಸಂಗತತೆ, ಲಭ್ಯತೆ ಇವೆರಡನ್ನೂ ಪೂರ್ಣವಾಗಿ ಉಳಿಸಿಕೊಳ್ಳುವುದು ಅಶಕ್ಯ.

ಸಂದೇಶವಾಹಕ ತಂತ್ರಾಂಶಗಳ ಇತಿಹಾಸ ಇದಕ್ಕೆ ಸಮಾನಾಂತರವಾದುದು. ಐಬಿಎಂ ಸಂಸ್ಥೆಯ ಎಂಕ್ಯೂ 1993ರಲ್ಲಿ ಬಂದು ಬ್ಯಾಂಕುಗಳಲ್ಲಿ ನೆಲೆಯೂರಿತು. ರ್‍ಯಾಬಿಟ್‌ಎಂಕ್ಯೂ 2007ರಲ್ಲಿ ಹೊರಬಂದಿತು. ಲಿಂಕ್ಡ್‌ಇನ್ ಸಂಸ್ಥೆಯೊಳಗೆ ಹುಟ್ಟಿ 2011ರಲ್ಲಿ ಮುಕ್ತ ಆಕರವಾಗಿ ಪ್ರಕಟವಾದ ಕಾಫ್ಕಾ, ಓದಿದ ಮೇಲೆ ಅಳಿಯುವ ಸರತಿಯ ಬದಲು ಉಳಿದುಬರುವ ಲಾಗನ್ನು ಕೇಂದ್ರದಲ್ಲಿ ಇರಿಸಿದುದರಿಂದ, ಸ್ಥಿತಿ ನಷ್ಟವಾದರೆ ಲಾಗನ್ನು ಮರಳಿ ಓದಿ ಅದನ್ನು ಪುನಃ ಕಟ್ಟಿಕೊಳ್ಳುವ ಸರಳ ಮಾರ್ಗ ಎಲ್ಲರಿಗೂ ತೆರೆಯಿತು.

ರಚನೆ

ಹೆದ್ದಾರಿ ಸುಂಕಕ್ಕೆ ರೇಡಿಯೋ ತರಂಗದ ಟ್ಯಾಗುಗಳನ್ನು ಬಳಸಬೇಕೆಂದು 2010ರಲ್ಲಿ ನಂದನ್ ನಿಲೇಕಣಿಯವರ ಅಧ್ಯಕ್ಷತೆಯ ಸಮಿತಿ ಶಿಫಾರಸು ಮಾಡಿತು. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ನಡೆಸುವ ರಾಷ್ಟ್ರೀಯ ವಿದ್ಯುನ್ಮಾನ ಸುಂಕವಸೂಲಿ ಜಾಲ ಇದರ ಫಲ. 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಎಲ್ಲ ಟೋಲ್ ಪ್ಲಾಜಾಗಳ ಎಲ್ಲ ಲೇನುಗಳೂ ಫಾಸ್ಟ್ಯಾಗ್ ಲೇನುಗಳೆಂದು ಘೋಷಿಸಲ್ಪಟ್ಟವು.

ಪಿಂಪಳಗಾಂವಿನಲ್ಲಿ ಈರುಳ್ಳಿಯ ಲಾರಿಯೊಂದು ಲೇನಿಗೆ ಬಂದಾಗ, ಮೇಲಿನ ಆಂಟೆನಾ ಸುಮಾರು 865ರಿಂದ 867 ಮೆಗಾಹರ್ಟ್ಸ್ ಕಂಪನಾಂಕದ ತರಂಗವನ್ನು ಚೆಲ್ಲುತ್ತದೆ. ತನ್ನದೆಂಬ ವಿದ್ಯುತ್ ಇಲ್ಲದ, ಗಾಜಿಗೆ ಅಂಟಿದ ಟ್ಯಾಗು ಆ ತರಂಗದಿಂದಲೇ ಶಕ್ತಿ ಪಡೆದು ತನ್ನ ಗುರುತಿನ ಸಂಖ್ಯೆಯನ್ನು ಮರಳಿಸುತ್ತದೆ. ವಾಹನ ಆಂಟೆನಾದ ವ್ಯಾಪ್ತಿಯೊಳಗೆ ಇರುವಷ್ಟು ಹೊತ್ತೂ ಅದೇ ಸಂಖ್ಯೆ ಮತ್ತೆ ಮತ್ತೆ ಓದಲ್ಪಡುವುದರಿಂದಲೂ, ಕೆಲವೊಮ್ಮೆ ಪಕ್ಕದ ಲೇನಿನ ಆಂಟೆನಾ ಸಹ ಅದನ್ನು ಕೇಳಿಸಿಕೊಳ್ಳುವುದರಿಂದಲೂ, ಈ ಹತ್ತಾರು ಓದುಗಳನ್ನು ಒಂದೇ ಹಾದುಹೋಗುವಿಕೆಯೆಂದು ಕೂಡಿಸುವುದು ಲೇನ್ ನಿಯಂತ್ರಕದ ಪ್ರಥಮ ಕರ್ತವ್ಯ. ಸ್ಥಿತಿ ಎಂಬುದರ ಅತ್ಯಂತ ಚಿಕ್ಕ ರೂಪ ಇಲ್ಲಿದೆ: ಕೆಲವೇ ಕ್ಷಣಗಳ ಹಿಂದೆ ಯಾವ ಟ್ಯಾಗನ್ನು ಕಂಡೆವು ಎಂಬ ನೆನಪು.

ಮುಂದಿನ ತೀರ್ಮಾನ ಗೇಟಿನ ಕೋಲನ್ನು ಎತ್ತಬೇಕೆ ಬೇಡವೆ ಎಂಬುದು. ಟ್ಯಾಗಿನ ಹಿಂದಿರುವ ಖಾತೆಯಲ್ಲಿ ಹಣವಿದೆಯೆ, ಟ್ಯಾಗು ನಿಷಿದ್ಧಪಟ್ಟಿಗೆ ಸೇರಿದೆಯೆ, ವಾಹನ ಸುಂಕವಿನಾಯಿತಿ ಉಳ್ಳದ್ದೆ ಎಂಬ ಮೂರೂ ವಿಷಯಗಳ ಮೂಲ ದಾಖಲೆ ಪ್ಲಾಜಾದಲ್ಲಿಲ್ಲ. ಹಣದ ಶಿಲ್ಕು ಟ್ಯಾಗನ್ನು ಕೊಟ್ಟ ಬ್ಯಾಂಕಿನಲ್ಲಿದೆ. ಟ್ಯಾಗು, ವಾಹನದ ನೋಂದಣಿ ಸಂಖ್ಯೆ, ವಾಹನದ ವರ್ಗ, ಬ್ಯಾಂಕು ಇವುಗಳ ಪರಸ್ಪರ ಸಂಬಂಧವನ್ನು ಹಿಡಿದಿಟ್ಟುಕೊಂಡಿರುವ ಮ್ಯಾಪರ್ ಎಂಬ ಕೇಂದ್ರ ಕೋಷ್ಟಕ ಪೇಮೆಂಟ್ಸ್ ಕಾರ್ಪೊರೇಷನ್ನಿನ ವಶದಲ್ಲಿದೆ. ಪ್ಲಾಜಾದ ಪರವಾಗಿ ಹಣ ಸಂಗ್ರಹಿಸುವ ಬ್ಯಾಂಕು ಮೂರನೆಯದು. ಪ್ಲಾಜಾದ ಸರ್ವರಿನಿಂದ ಹೊರಟ ವ್ಯವಹಾರದ ಸಂದೇಶ ಸಂಗ್ರಾಹಕ ಬ್ಯಾಂಕನ್ನೂ ಕೇಂದ್ರದ ಸ್ವಿಚ್ಚನ್ನೂ ದಾಟಿ ಟ್ಯಾಗುದಾತ ಬ್ಯಾಂಕನ್ನು ಮುಟ್ಟಿ, ಅಲ್ಲಿ ಹಣ ಕಳೆಯಲ್ಪಟ್ಟು, ಉತ್ತರವು ಅದೇ ದಾರಿಯಲ್ಲಿ ಹಿಂದಿರುಗಬೇಕು. ಈ ನಡುವೆ ಲಾರಿಯ ಹಿಂದೆ ಇನ್ನೊಂದು ಲಾರಿ ಬಂದು ನಿಂತಿರುತ್ತದೆ.

ಆದುದರಿಂದ ಪ್ಲಾಜಾಗಳಿಗೆ ನಿಷಿದ್ಧವಾದ, ಶಿಲ್ಕು ಸಾಲದ, ವಿನಾಯಿತಿಯುಳ್ಳ ಟ್ಯಾಗುಗಳನ್ನು ಹೆಸರಿಸುವ ಅಪವಾದಪಟ್ಟಿಯ ಪ್ರತಿಯನ್ನು ಹಂಚುವ ಕ್ರಮ ಮೊದಲಿನಿಂದಲೂ ಬಂದಿತು: ಒಮ್ಮೆ ಪೂರ್ಣ ಪಟ್ಟಿ, ಆಮೇಲೆ ಕಾಲಕಾಲಕ್ಕೆ ವ್ಯತ್ಯಾಸಗಳ ಪಟ್ಟಿ. ಲೇನು ಈ ಸ್ಥಳೀಯ ಪ್ರತಿಯನ್ನು ನೋಡಿ ಕೋಲನ್ನು ಎತ್ತುತ್ತದೆ, ಹಣದ ವಸೂಲಿ ಹಿಂದಿನಿಂದ ನಡೆಯುತ್ತದೆ. ಪಟ್ಟಿಯ ಪ್ರತಿ ಹಿಂದುಳಿದಿದ್ದರೆ ಆಗಷ್ಟೇ ಹಣ ತುಂಬಿಸಿದ ಚಾಲಕ ತಡೆಯಲ್ಪಡುವುದೂ, ಶಿಲ್ಕು ಬರಿದಾದವನು ನಿರಾತಂಕವಾಗಿ ದಾಟುವುದೂ ಸಂಭವ. ಇದನ್ನು ನಿವಾರಿಸಲು ರಚಿತವಾದ ಐಸಿಡಿ 2.5 ಎಂಬ ನಂತರದ ಸಂವಹನನಿಯಮದಲ್ಲಿ ಪ್ಲಾಜಾವು ಆಯಾ ಟ್ಯಾಗಿನ ಸ್ಥಿತಿಯನ್ನು ಆ ಕ್ಷಣವೇ ಕೇಂದ್ರದಿಂದ ಕೇಳಿ ಪಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ಪ್ಲಾಜಾಗಳೆಲ್ಲ ಈ ನಿಯಮಕ್ಕೆ ಬಂದಿರುವುವೆಂದೂ, ರಾಜ್ಯ ಹೆದ್ದಾರಿಗಳ ಕೆಲವು ಪ್ಲಾಜಾಗಳು ಹಿಂದಿನ 2.4ರಲ್ಲೇ ಉಳಿದಿರುವುವೆಂದೂ ಹೆದ್ದಾರಿ ಪ್ರಾಧಿಕಾರವು 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಪ್ರತಿಯನ್ನು ಹತ್ತಿರದಲ್ಲಿಟ್ಟುಕೊಂಡು ವಿಳಂಬಾವಧಿಯನ್ನು ಸಹಿಸುವುದು ಒಂದು ದಾರಿ. ಪ್ರತಿಸಲವೂ ಒಡೆಯನನ್ನೇ ಕೇಳಿ ಜಾಲದ ಕುಶಲದ ಮೇಲೆ ಅವಲಂಬಿಸುವುದು ಇನ್ನೊಂದು ದಾರಿ. ಈ ವಿಷಯದ ಸಮಸ್ತ ತಂತ್ರಗಳೂ ಕಟ್ಟಕಡೆಗೆ ಇವೆರಡರ ನಡುವಣ ಯಾವುದೋ ಒಂದು ನೆಲೆಯಲ್ಲಿ ನಿಲ್ಲುತ್ತವೆ.

ಸ್ಥಿತಿಯ ಬಗೆಗಳು

ಸ್ಥಿತಿಯನ್ನು ಅದರ ಆಯುಷ್ಯದಿಂದಲೂ ಅದು ಸಹಿಸುವ ವಿಳಂಬದಿಂದಲೂ ವಿಂಗಡಿಸುವುದು ವಾಡಿಕೆ. ಮ್ಯಾಪರಿನ ಕೋಷ್ಟಕದಂತೆ ಅಪರೂಪವಾಗಿ ಬದಲಾಗುವುದು ಉಲ್ಲೇಖಸ್ಥಿತಿ. ಇದರ ಪ್ರತಿಗಳನ್ನು ಧಾರಾಳವಾಗಿ ಹಂಚಬಹುದಾದರೂ, ಒಂದು ವಾಹನಕ್ಕೆ ಒಂದೇ ಟ್ಯಾಗು ಇರತಕ್ಕದ್ದೆಂಬ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತಹ ಅನನ್ಯತೆಯ ನಿರ್ಬಂಧಗಳನ್ನು ಮೂಲದಲ್ಲಿ ಮಾತ್ರ ಪರೀಕ್ಷಿಸಲು ಸಾಧ್ಯ. ಶಿಲ್ಕು, ಆಸನ, ದಾಸ್ತಾನುಗಳಂತೆ ಪ್ರತಿ ಸಂದೇಶದಿಂದಲೂ ಬದಲಾಗುವುದು ವ್ಯವಹಾರಸ್ಥಿತಿ. ಇದು ವಿಳಂಬವನ್ನು ಬಹಳವಾಗಿ ಸಹಿಸದು.

ಒಂದು ಗೊತ್ತಾದ ಅವಧಿಯವರೆಗೆ ಮಾತ್ರ ನೆನಪಿಡಬೇಕಾದ, ಮೂರನೆಯದಾದ ಕಾಲಖಂಡಸ್ಥಿತಿಗೆ ವಿಶೇಷ ಗಮನ ಸಲ್ಲಬೇಕು. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ 24 ಗಂಟೆಗಳೊಳಗೆ ಅದೇ ಪ್ಲಾಜಾದಲ್ಲಿ ಹಿಂದಿರುಗುವ ವಾಹನಕ್ಕೆ ಹೋಗಿಬರುವುದೆರಡಕ್ಕೂ ಸೇರಿ ಏಕಮುಖ ಶುಲ್ಕದ ಒಂದೂವರೆಪಟ್ಟು ತಗಲುತ್ತದೆ. ಬೆಳಗ್ಗೆ ಪಿಂಪಳಗಾಂವಿನಿಂದ ನಾಸಿಕಿಗೆ ಟೊಮೇಟೊ ಒಯ್ದು ಸಂಜೆ ಬರಿದಾಗಿ ಮರಳುವ ವಾಹನಕ್ಕೆ ಎಷ್ಟು ವಿಧಿಸಬೇಕೆಂಬುದು, ಬೆಳಗಿನ ಸಂದೇಶವನ್ನು ಸಂಜೆಯ ಸಂದೇಶ ಬರುವವರೆಗೂ ಯಾರಾದರೂ ನೆನಪಿಟ್ಟುಕೊಂಡಿರುವುದನ್ನು ಅವಲಂಬಿಸಿದೆ. ಇಲ್ಲಿ ಕಾಲವೆಂದರೆ ಯಾವ ಕಾಲ ಎಂಬ ಪ್ರಶ್ನೆ ಉದ್ಭವಿಸುತ್ತದೆ. ಪ್ಲಾಜಾದ ಸಂಪರ್ಕ ಕಡಿದಿದ್ದು ಬೆಳಗಿನ ವ್ಯವಹಾರಗಳು ಮಧ್ಯಾಹ್ನ ಒಟ್ಟಾಗಿ ಕೇಂದ್ರಕ್ಕೆ ಬಂದರೆ, ಅವು ಕೇಂದ್ರವನ್ನು ಮುಟ್ಟಿದ ವೇಳೆಯನ್ನು ಹಿಡಿದರೆ ಲೆಕ್ಕ ತಪ್ಪುತ್ತದೆ. ಟ್ಯಾಗು ಓದಲ್ಪಟ್ಟ ವೇಳೆಯೇ ಪ್ರಮಾಣವಾಗಬೇಕು. ಘಟನಾಕಾಲ, ಸಂಸ್ಕರಣಕಾಲ ಎಂಬ ಈ ಭೇದವನ್ನು ಪ್ರವಾಹ-ಸಂಸ್ಕರಣ ತಂತ್ರಾಂಶಗಳು ವಾಟರ್‌ಮಾರ್ಕ್ ಎಂಬ ಗುರುತುಗಳ ಮೂಲಕ ನಿರ್ವಹಿಸುತ್ತವೆ: ಇಷ್ಟು ಹೊತ್ತಿಗಿಂತ ಹಿಂದಿನ ಘಟನೆಗಳು ಇನ್ನು ಬರಲಾರವು ಎಂಬ ಅಂದಾಜಿನ ಘೋಷಣೆಯೇ ಅದು.

ನಾಲ್ಕನೆಯದು ಸಂಸ್ಕರಣದ ಪ್ರಗತಿಯ ಸ್ಥಿತಿ, ಎಂದರೆ ಲಾಗಿನಲ್ಲಿ ಎಲ್ಲಿಯವರೆಗೆ ಓದಿಯಾಯಿತು, ಯಾವ ನೋಡ್ ಯಾವ ವಿಭಾಗವನ್ನು ವಹಿಸಿಕೊಂಡಿದೆ, ಯಾವುದು ನಾಯಕ ಎಂಬ ಆಂತರಿಕ ಮಾಹಿತಿ. ಪ್ರಮಾಣದಲ್ಲಿ ಅಲ್ಪವಾದರೂ ಇದು ತಪ್ಪಿದರೆ ಉಳಿದ ಮೂರೂ ತಪ್ಪುತ್ತವೆ.

ನಿರ್ವಹಣೆಯ ವಿಧಾನಗಳು

ವಿಭಜನೆ. ಹಂಚಿಕೊಳ್ಳುವ ಅಗತ್ಯವನ್ನೇ ಆದಷ್ಟು ಕುಗ್ಗಿಸುವುದು ಎಲ್ಲಕ್ಕಿಂತ ಉತ್ತಮವಾದ ವಿಧಾನ. ಟ್ಯಾಗಿನ ಸಂಖ್ಯೆಯಿಂದ ಒಂದು ಹ್ಯಾಶ್ ಬೆಲೆಯನ್ನು ಗಣಿಸಿ, ಅದಕ್ಕೆ ತಕ್ಕಂತೆ ಸಂದೇಶವನ್ನು ನಿರ್ದಿಷ್ಟ ವಿಭಾಗಕ್ಕೆ ಕಳುಹಿಸಿದರೆ, ಒಂದು ಟ್ಯಾಗಿಗೆ ಸಂಬಂಧಪಟ್ಟ ಸಂದೇಶಗಳೆಲ್ಲವೂ ಒಂದೇ ನೋಡಿಗೆ, ಬಂದ ಕ್ರಮದಲ್ಲಿಯೇ ಸೇರುತ್ತವೆ. ಆ ಟ್ಯಾಗಿನ ಮಟ್ಟಿಗೆ ಆ ನೋಡೇ ಏಕೈಕ ಒಡೆಯನಾಗುವುದರಿಂದ ಬೀಗ ಬೇಕಿಲ್ಲ. ನೋಡ್‌ಗಳ ಸಂಖ್ಯೆ ಹೆಚ್ಚು ಕಡಿಮೆಯಾದಾಗ ಎಲ್ಲ ಸ್ಥಿತಿಯನ್ನೂ ಸ್ಥಳಾಂತರಿಸುವ ಕಷ್ಟವನ್ನು ತಪ್ಪಿಸಲು, ಡೇವಿಡ್ ಕಾರ್ಗರ್ ಮತ್ತು ಸಂಗಡಿಗರು 1997ರಲ್ಲಿ ನಿರೂಪಿಸಿದ ಸುಸಂಗತ ಹ್ಯಾಶಿಂಗ್ ಬಳಕೆಗೆ ಬಂದಿದೆ. ಯಾವ ಅಂಶದಿಂದ ಹ್ಯಾಶ್ ಗಣಿಸಬೇಕೆಂಬ, ಎಂದರೆ ಕೀಲಿಯ, ಆಯ್ಕೆಯೇ ಇಲ್ಲಿ ವಿವೇಕದ ಸ್ಥಾನ. ಟ್ಯಾಗನ್ನು ಕೀಲಿಯಾಗಿ ಹಿಡಿದರೆ ಹೊರೆ ಸಮನಾಗಿ ಹಂಚಿಹೋಗುತ್ತದೆ, ಆದರೆ ಒಂದು ಪ್ಲಾಜಾದ ದಿನದ ಮೊತ್ತವನ್ನು ಎಲ್ಲ ವಿಭಾಗಗಳಿಂದಲೂ ಕೂಡಿಸಬೇಕು. ಪ್ಲಾಜಾವನ್ನು ಕೀಲಿಯಾಗಿ ಹಿಡಿದರೆ ಮೊತ್ತ ಸುಲಭ, ಆದರೆ ಸುಗ್ಗಿಯ ದಿನಗಳಲ್ಲಿ ಲಾರಿಗಳು ಸಾಲುಗಟ್ಟಿದಾಗ ಒಂದೇ ವಿಭಾಗ ಹೊರೆಯಿಂದ ಕುಸಿಯುವ ಭಯ.

ಬೀಗ ಮತ್ತು ಗೇಣಿ. ಎರಡು ನೋಡ್‌ಗಳು ಒಂದೇ ಸ್ಥಿತಿಯನ್ನು ಬದಲಿಸಬೇಕಾದ ಪ್ರಸಂಗದಲ್ಲಿ, ಮೊದಲು ಬೀಗ ಪಡೆದದ್ದು ಮಾತ್ರ ಬದಲಿಸತಕ್ಕದ್ದು. ಬೀಗ ಪಡೆದ ನೋಡ್ ಸತ್ತುಹೋದರೆ ಬೀಗ ಶಾಶ್ವತವಾಗಿ ಉಳಿಯಕೂಡದೆಂದು ಅದಕ್ಕೆ ಅವಧಿಯನ್ನು ಗೊತ್ತುಮಾಡುತ್ತಾರೆ. ಅವಧಿಯುಳ್ಳ ಬೀಗವನ್ನು ಗೇಣಿಯೆನ್ನಬಹುದು. ಇದರಲ್ಲಿ ಸೂಕ್ಷ್ಮವಾದ ಅಪಾಯವೊಂದುಂಟು. ಸ್ಮೃತಿಯ ಶುದ್ಧೀಕರಣಕ್ಕಾಗಿಯೋ ಇನ್ನಾವುದೋ ಕಾರಣದಿಂದಲೋ ಕೆಲವು ಕ್ಷಣ ಸ್ತಬ್ಧವಾದ ನೋಡ್, ತನ್ನ ಗೇಣಿ ಮುಗಿದು ಇನ್ನೊಂದಕ್ಕೆ ಸೇರಿಹೋದುದನ್ನು ತಿಳಿಯದೆ, ಎಚ್ಚೆತ್ತೊಡನೆ ಹಳೆಯ ಬೆಲೆಯನ್ನು ಬರೆದುಬಿಡಬಲ್ಲುದು. ಪ್ರತಿಯೊಂದು ಗೇಣಿಗೂ ಏರುತ್ತ ಹೋಗುವ ಕ್ರಮಸಂಖ್ಯೆಯನ್ನು ಕೊಟ್ಟು, ತಾನು ಈವರೆಗೆ ಕಂಡ ಸಂಖ್ಯೆಗಿಂತ ಕಿರಿದಾದ ಸಂಖ್ಯೆಯ ಬರಹವನ್ನು ಸಂಗ್ರಹವೇ ತಿರಸ್ಕರಿಸುವಂತೆ ಮಾಡುವುದು ಇದಕ್ಕೆ ಪರಿಹಾರ. ಈ ರಕ್ಷಣೆ ಇಲ್ಲದ ಗೇಣಿಯನ್ನು ಹಣದ ವ್ಯವಹಾರದಲ್ಲಿ ನಂಬುವುದು ಸರ್ವಥಾ ಅನುಚಿತ.

ಸಹಮತ. ಬೀಗವನ್ನು ಯಾರು ಕೊಡಬೇಕು, ನಾಯಕನಾರು ಎಂಬುದನ್ನು ನಿರ್ಣಯಿಸಲು ಗುಚ್ಛಕ್ಕೆ ಒಂದು ಚಿಕ್ಕ ಆಂತರಿಕ ಸಭೆ ಬೇಕು. ಪ್ಯಾಕ್ಸೋಸ್‌ನಲ್ಲಿಯೂ, ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆಂಗಾರೊ ಮತ್ತು ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದ ರಾಫ್ಟ್‌ನಲ್ಲಿಯೂ ತಿರುಳು ಒಂದೇ: ಬಹುಮತ ಒಪ್ಪಿದ್ದು ಮಾತ್ರ ನಿರ್ಣಯ. ಒಂದೇ ಸಭೆಯ ಯಾವ ಎರಡು ಬಹುಮತಗಳಿಗೂ ಕನಿಷ್ಠಪಕ್ಷ ಒಬ್ಬ ಸದಸ್ಯ ಸಮಾನನಾಗಿರುವುದರಿಂದ ವಿರುದ್ಧವಾದ ಎರಡು ನಿರ್ಣಯಗಳು ಹುಟ್ಟಲಾರವು. ಮೂರು ನೋಡ್‌ಗಳ ಸಭೆ ಒಂದರ ನಷ್ಟವನ್ನೂ, ಐದರ ಸಭೆ ಎರಡರ ನಷ್ಟವನ್ನೂ ತಡೆದುಕೊಳ್ಳುತ್ತದೆ. ಪ್ರತಿ ನಿರ್ಣಯಕ್ಕೂ ಸಂದೇಶಗಳ ಹೋಗುಬರವು ಬೇಕಾಗುವುದರಿಂದ, ಸಹಮತವನ್ನು ನಾಯಕನ ಆಯ್ಕೆ, ವಿಭಾಗಗಳ ಹಂಚಿಕೆ ಮೊದಲಾದ ವಿರಳ ನಿರ್ಣಯಗಳಿಗೆ ಮೀಸಲಿಟ್ಟು, ಸಾಧಾರಣ ಸಂದೇಶಗಳನ್ನು ನಾಯಕನಿಗೆ ಒಪ್ಪಿಸುವುದು ಬಹಳ ಕಡೆ ರೂಢಿ. ಯಾಹೂ ಸಂಸ್ಥೆಯಲ್ಲಿ ಹುಟ್ಟಿದ ಝೂಕೀಪರ್ ಬಹುಕಾಲ ಈ ಕೆಲಸಕ್ಕೆ ಪ್ರಸಿದ್ಧವಾಗಿತ್ತು.

ಸ್ಮೃತಿಜಾಲ. ಗುಚ್ಛದ ನೋಡ್‌ಗಳ ಸ್ಮೃತಿಗಳನ್ನೆಲ್ಲ ಕೂಡಿಸಿ ಒಂದೇ ಕೋಷ್ಟಕದಂತೆ ತೋರಿಸುವ ಹೇಝಲ್‌ಕಾಸ್ಟ್, ಪ್ರತ್ಯೇಕ ಯಂತ್ರದಲ್ಲಿ ನಿಂತು ಎಲ್ಲರಿಗೂ ಉತ್ತರಿಸುವ ರೆಡಿಸ್ ಮೊದಲಾದವು ಈ ಗುಂಪಿನವು. ಮ್ಯೂಲ್ ಎಂಬ ಸಂಯೋಜನಾ ತಂತ್ರಾಂಶವು ಗುಚ್ಛವಾಗಿ ನಡೆಯುವಾಗ ಆಬ್ಜೆಕ್ಟ್ ಸ್ಟೋರ್ ಎಂಬ ತನ್ನ ಸಂಗ್ರಹವನ್ನು ಇಂತಹ ಸ್ಮೃತಿಜಾಲದ ಮೂಲಕ ಎಲ್ಲ ನೋಡ್‌ಗಳಿಗೂ ಒದಗಿಸಿ, ಕಡತಗಳನ್ನು ಹುಡುಕಿ ತರುವಂತಹ, ಒಬ್ಬರೇ ಮಾಡತಕ್ಕ ಕೆಲಸಗಳನ್ನು ಪ್ರಧಾನ ನೋಡಿಗೆ ಮಾತ್ರ ವಹಿಸುತ್ತದೆ. ವೇಗ ಇದರ ಗುಣ. ಎಲ್ಲ ನೋಡ್‌ಗಳೂ ಒಮ್ಮೆಲೇ ನಿಂತರೆ, ಡಿಸ್ಕಿಗೆ ಬರೆದಿಡದ ಸ್ಥಿತಿ ಅಳಿಯುವುದು ಇದರ ದೋಷ.

ಲಾಗ್ ಮತ್ತು ಚೆಕ್‌ಪಾಯಿಂಟ್. ಸ್ಥಿತಿಯನ್ನು ಆಯಾ ನೋಡ್ ತನ್ನ ಬಳಿಯೇ ಇಟ್ಟುಕೊಂಡು, ಅದರ ಪ್ರತಿಯೊಂದು ಬದಲಾವಣೆಯನ್ನೂ ಕಾಫ್ಕಾದಂತಹ ಲಾಗಿಗೆ ಬರೆದರೆ, ನೋಡ್ ನಷ್ಟವಾದಾಗ ಬೇರೊಂದು ಅದನ್ನು ಓದಿ ಅದೇ ಸ್ಥಿತಿಗೆ ಬರುತ್ತದೆ. ಫ್ಲಿಂಕ್ ತಂತ್ರಾಂಶದಲ್ಲಿ ಪ್ರವಾಹದೊಳಗೆ ಗಡಿಗುರುತುಗಳನ್ನು ಹರಿಯಬಿಟ್ಟು, ಗುರುತು ತಲುಪಿದ ಪ್ರತಿಯೊಂದು ಘಟಕವೂ ತನ್ನ ಸ್ಥಿತಿಯ ಚಿತ್ರವನ್ನು ಚೆಕ್‌ಪಾಯಿಂಟಾಗಿ ಉಳಿಸುವಂತೆ ಮಾಡಲಾಗಿದೆ.

ವಿಲೀನಶೀಲ ಪ್ರತಿಗಳು. ಯಾವ ಕ್ರಮದಲ್ಲಿ ಕೂಡಿಸಿದರೂ ಒಂದೇ ಫಲ ಬರುವಂತೆ ರಚಿಸಿದ ದತ್ತಾಂಶಗಳನ್ನು 2011ರಲ್ಲಿ ಮಾರ್ಕ್ ಶಪಿರೋ ಮತ್ತು ಸಂಗಡಿಗರು ಸಿಆರ್‌ಡಿಟಿ ಎಂಬ ಹೆಸರಿನಿಂದ ವ್ಯವಸ್ಥಿತವಾಗಿ ವಿವರಿಸಿದರು. ಏರುತ್ತ ಹೋಗುವ ಎಣಿಕೆಗೆ ಇವು ಅತ್ಯಂತ ಅನುಕೂಲ. 2025ರ ಆಗಸ್ಟ್ 15ರಂದು ಖಾಸಗಿ ಕಾರು ಮೊದಲಾದ ವಾಹನಗಳಿಗೆ 3,000 ರೂಪಾಯಿ ಬೆಲೆಯೊಡನೆ ಆರಂಭವಾದ, ಒಂದು ವರ್ಷ ಅಥವಾ 200 ಪ್ರಯಾಣಗಳು, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಸಲ್ಲುವ ಫಾಸ್ಟ್ಯಾಗ್ ವಾರ್ಷಿಕ ಪಾಸು ಇಂತಹ ಎಣಿಕೆಗೆ ನಿದರ್ಶನವಾಗಬಲ್ಲುದು. ಎಷ್ಟು ಪ್ರಯಾಣಗಳಾದವೆಂಬುದನ್ನು ಬೇರೆಬೇರೆ ಪ್ರತಿಗಳು ಸ್ವತಂತ್ರವಾಗಿ ಎಣಿಸಿ ಆಮೇಲೆ ಕೂಡಿಸಬಹುದು. ಆದರೆ 200ನ್ನು ಮೀರಕೂಡದೆಂಬ ನಿರ್ಬಂಧವನ್ನು ಪರಸ್ಪರ ವಿಚಾರಿಸದೆ ಕಾಪಾಡುವುದು ಸಾಧ್ಯವಿಲ್ಲ. ಒಂದು ವಾಹನ ಏಕಕಾಲದಲ್ಲಿ ಎರಡು ಪ್ಲಾಜಾಗಳಲ್ಲಿರಲಾರದೆಂಬುದು ನಿಜವೇ. ಒಂದು ಪ್ಲಾಜಾದ ಸಂದೇಶ ತಡವಾಗಿ ಬಂದರೆ ಮಾತ್ರ ಕೊನೆಯ ಪ್ರಯಾಣದ ಎಣಿಕೆ ಸಂದಿಗ್ಧವಾಗುತ್ತದೆ. ಮಿತಿಯನ್ನು ಮೊದಲೇ ಪಾಲುಮಾಡಿ ಪ್ರತಿಗಳಿಗೆ ಹಂಚಿ, ತಮ್ಮ ಪಾಲಿನೊಳಗೆ ಅವು ಸ್ವತಂತ್ರವಾಗಿ ವ್ಯವಹರಿಸುವಂತೆ ಮಾಡುವ, 1986ರಲ್ಲಿ ಪ್ಯಾಟ್ರಿಕ್ ಓನೀಲ್ ವಿವರಿಸಿದ ಎಸ್ಕ್ರೋ ವಿಧಾನ ಇಂತಹ ಕಡೆ ಉಪಯುಕ್ತ.

ಪುನರಾವೃತ್ತಿ ಮತ್ತು ವೈಫಲ್ಯ

ಕಳುಹಿಸಿದ ಸಂದೇಶಕ್ಕೆ ಉತ್ತರ ಬಾರದಿದ್ದಾಗ ಸಂದೇಶವೇ ನಷ್ಟವಾಯಿತೋ, ಕೆಲಸ ನಡೆದು ಉತ್ತರ ಮಾತ್ರ ನಷ್ಟವಾಯಿತೋ ಎಂಬುದನ್ನು ಕಳುಹಿಸಿದವನು ತಿಳಿಯಲಾರ. ಮರಳಿ ಕಳುಹಿಸಿದರೆ ಹಣ ಎರಡು ಸಲ ಕಳೆಯಬಹುದು. ಸುಮ್ಮನಿದ್ದರೆ ಒಂದು ಸಲವೂ ಕಳೆಯದಿರಬಹುದು. ಮರಳಿ ಕಳುಹಿಸುವುದೇ ಸರಿಯೆಂದೂ, ಎರಡನೆಯದನ್ನು ಗುರುತಿಸುವ ಹೊಣೆ ಸ್ವೀಕರಿಸುವವನದೆಂದೂ ವೃತ್ತಿಯಲ್ಲಿ ಒಮ್ಮತವಿದೆ. ಅದಕ್ಕಾಗಿ ಪ್ರತಿಯೊಂದು ವ್ಯವಹಾರಕ್ಕೂ ಹುಟ್ಟಿದೆಡೆಯಲ್ಲಿಯೇ ಅನನ್ಯ ಸಂಖ್ಯೆಯನ್ನು ಕೊಟ್ಟು, ಸ್ಥಿತಿಯ ಬದಲಾವಣೆಯನ್ನೂ ಆ ಸಂಖ್ಯೆಯ ದಾಖಲೆಯನ್ನೂ ಒಂದೇ ಅವಿಭಾಜ್ಯ ಕ್ರಿಯೆಯಲ್ಲಿ ಬರೆಯಬೇಕು. ಎರಡನ್ನೂ ಬೇರೆ ಬೇರೆಯಾಗಿ ಬರೆದರೆ, ಅವುಗಳ ನಡುವಣ ಕ್ಷಣದಲ್ಲಿ ಯಂತ್ರ ನಿಂತಾಗ ರಕ್ಷಣೆಯೇ ಇಲ್ಲದಂತಾಗುತ್ತದೆ. ಅನುಭವಿಗಳು ಕಟ್ಟಿದ ವ್ಯವಸ್ಥೆಗಳಲ್ಲಿಯೂ ಆಗಾಗ ಕಾಣುವ ದೋಷವಿದು. ಕಾಫ್ಕಾ 2017ರಲ್ಲಿ ಒದಗಿಸಿದ, ಒಂದೇ ಸಲ ಎಂಬ ಭರವಸೆ ಅದರ ಲಾಗುಗಳೊಳಗಿನ ಸಂಸ್ಕರಣಕ್ಕೆ ಸಲ್ಲತಕ್ಕದ್ದು. ಹೊರಗಿನ ಬ್ಯಾಂಕಿನ ಖಾತೆಗೆ ಅದು ತಾನಾಗಿ ಚಾಚಿಕೊಳ್ಳುವುದಿಲ್ಲ.

ಜಾಲವಿಚ್ಛೇದದಲ್ಲಿ ಯಾರು ನಷ್ಟವನ್ನು ಹೊರಬೇಕೆಂಬುದು ಯಂತ್ರಶಾಸ್ತ್ರದಿಂದ ಮಾತ್ರವೇ ತೀರ್ಮಾನವಾಗುವ ವಿಷಯವಲ್ಲ. ಸಕ್ರಮವಾದ ಟ್ಯಾಗೂ ಸಾಕಷ್ಟು ಶಿಲ್ಕೂ ಇದ್ದು ಪ್ಲಾಜಾದ ಉಪಕರಣಗಳೇ ಕೆಟ್ಟಿದ್ದರೆ ವಾಹನವನ್ನು ಶುಲ್ಕವಿಲ್ಲದೆ ಬಿಟ್ಟು ಶೂನ್ಯ ವ್ಯವಹಾರದ ರಶೀದಿಯನ್ನು ಕೊಡತಕ್ಕದ್ದೆಂದು ಹೆದ್ದಾರಿ ಶುಲ್ಕ ನಿಯಮಗಳ 2018ರ ತಿದ್ದುಪಡಿ ವಿಧಿಸಿದೆ. ಲಭ್ಯತೆ, ಸುಸಂಗತತೆಗಳ ಪ್ರಮೇಯ ಬಿಟ್ಟುಕೊಟ್ಟ ಆಯ್ಕೆಯನ್ನು ಇಲ್ಲಿ ಕಾನೂನು ಪ್ರಯಾಣಿಕನ ಪಕ್ಷವಾಗಿ ಮಾಡಿದೆ. ಯುಪಿಐಯಂತಹ ಪಾವತಿಗಳಲ್ಲಿ ಒಂದು ಕಡೆ ಹಣ ಕಳೆದು ಇನ್ನೊಂದು ಕಡೆ ಸೇರದಿದ್ದರೆ ಇಷ್ಟು ದಿನಗಳೊಳಗೆ ಹಿಂದಿರುಗಿಸಬೇಕೆಂದೂ, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಆಜ್ಞಾಪಿಸಿದುದು ಇದೇ ಜಾತಿಯ ನಿಯಮ.

ಉಪಯೋಗಗಳು

ವಿಭಜನೆಯ ಉತ್ತಮ ಭಾರತೀಯ ನಿದರ್ಶನ ರೈಲ್ವೆಯ ಆಸನ ಮೀಸಲಾತಿ. ರೈಲ್ವೆಯ ಗಣಕ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಕ್ರಿಸ್ ಸಂಸ್ಥೆಯ ಕನ್ಸರ್ಟ್ ತಂತ್ರಾಂಶದಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಎಂಬ ಐದು ಕೇಂದ್ರಗಳು ತಮ್ಮ ತಮ್ಮ ರೈಲುಗಳ ಆಸನಗಳಿಗೆ ಒಡೆಯರಾಗಿದ್ದು, ಅವು 1999ರಲ್ಲಿ ಪರಸ್ಪರ ಜೋಡಣೆಗೊಂಡ ಮೇಲೆ ಯಾವ ಊರಿನ ಕಿಟಕಿಯಿಂದ ಟಿಕೇಟು ಕೇಳಿದರೂ ಕೋರಿಕೆಯು ಸಂದೇಶವಾಗಿ ಆ ರೈಲಿನ ಒಡೆಯ ಕೇಂದ್ರವನ್ನು ಸೇರುವಂತಾಯಿತು. ಒಂದೇ ಬರ್ತನ್ನು ಇಬ್ಬರಿಗೆ ಕೊಡದಿರಲು ಐದೂ ಕೇಂದ್ರಗಳ ಸಹಮತ ಇಲ್ಲಿ ಬೇಕಾಗಲಿಲ್ಲ.

ಆಧಾರ್ ಯೋಜನೆಯ ಸ್ವರೂಪ ಬೇರೆ. 2010ರ ಸೆಪ್ಟೆಂಬರ್ 29ರಂದು ಮೊದಲ ಸಂಖ್ಯೆಗಳು ವಿತರಣೆಯಾದದ್ದು ನಾಸಿಕ್ ವಿಭಾಗಕ್ಕೇ ಸೇರಿದ ನಂದುರಬಾರ್ ಜಿಲ್ಲೆಯ ಟೆಂಭಲಿ ಗ್ರಾಮದಲ್ಲಿ. ಯೋಜನೆಯ ತಾಂತ್ರಿಕ ಕೇಂದ್ರ ಮೊದಲಿನಿಂದಲೂ ಬೆಂಗಳೂರಿನಲ್ಲಿದ್ದು, ದತ್ತಾಂಶ ಕೇಂದ್ರಗಳು ಬೆಂಗಳೂರಿನಲ್ಲಿಯೂ ಹರಿಯಾಣದ ಮಾನೇಸರಿನಲ್ಲಿಯೂ ಇವೆ. ನೋಂದಣಿಯ ಪ್ರತಿಯೊಂದು ಪೊಟ್ಟಣವೂ ಹಂತದಿಂದ ಹಂತಕ್ಕೆ ಸರತಿಗಳ ಮೂಲಕ ಸಾಗಿ, ಬೆರಳಚ್ಚು ಮತ್ತು ಕಣ್ಣುಪಾಪೆಗಳ ಗುರುತುಗಳು ಅದಕ್ಕೆ ಮುಂಚೆ ನೋಂದಣಿಯಾದ ಎಲ್ಲ ಗುರುತುಗಳೊಡನೆ ಹೋಲಿಸಲ್ಪಡಬೇಕು. ಇಲ್ಲಿ ಸಮಷ್ಟಿ ಸ್ಥಿತಿಯೆಂದರೆ ಈವರೆಗೆ ನೋಂದಾಯಿಸಿದ ಜನಸಮುದಾಯವೇ ಆಗಿದ್ದು, 2016ರ ಏಪ್ರಿಲಿನಲ್ಲಿ ಅದು 100 ಕೋಟಿಯನ್ನು ದಾಟಿತು. ಒಂದು ನೋಂದಣಿಗೆ ಗಂಟೆಗಳು ಹಿಡಿದರೂ ಅಡ್ಡಿಯಿಲ್ಲ. ಅನನ್ಯತೆ ಮಾತ್ರ ತಪ್ಪಕೂಡದು. ಟೋಲ್ ಗೇಟಿನ ಅಗತ್ಯಕ್ಕೆ ಇದು ನೇರ ವಿರುದ್ಧವಾದುದು, ಮತ್ತು ಎರಡನ್ನೂ ಒಂದೇ ವಿಧಾನದಿಂದ ಕಟ್ಟಲಾಗದೆಂಬುದಕ್ಕೆ ಸಾಕಾದ ಪ್ರಮಾಣ.

ಇಂದಿನ ಸ್ಥಿತಿ

ಇತ್ತೀಚಿನ ಒಲವು ಘಟಕಗಳ ಸಂಖ್ಯೆಯನ್ನು ಇಳಿಸುವ ಕಡೆಗಿದೆ. ಕಾಫ್ಕಾ ತನ್ನ ಆಂತರಿಕ ಸ್ಥಿತಿಗಾಗಿ ಅವಲಂಬಿಸಿದ್ದ ಝೂಕೀಪರನ್ನು ಬಿಟ್ಟು, ರಾಫ್ಟ್ ಆಧಾರಿತವಾದ ಸ್ವಂತ ಸಹಮತವನ್ನು ರೂಢಿಸಿಕೊಂಡು, 2025ರ ಮಾರ್ಚ್‌ನಲ್ಲಿ ಬಂದ 4.0 ಆವೃತ್ತಿಯಲ್ಲಿ ಹಳೆಯದನ್ನು ಸಂಪೂರ್ಣವಾಗಿ ತೆಗೆದುಹಾಕಿತು.

ವಿಳಂಬಾವಧಿಯನ್ನು ಬಹಿರಂಗವಾಗಿ ಘೋಷಿಸುವ ಪದ್ಧತಿಯೂ ಬೆಳೆಯುತ್ತಿದೆ. ಲೇಖನದ ನಿದರ್ಶನದಲ್ಲಿ ಅದಕ್ಕೆ ಸ್ಪಷ್ಟವಾದ ರೂಪ ದೊರೆತಿದೆ. ಪೇಮೆಂಟ್ಸ್ ಕಾರ್ಪೊರೇಷನ್ 2025ರ ಜನವರಿ 28ರಂದು ಹೊರಡಿಸಿ ಫೆಬ್ರವರಿ 17ರಿಂದ ಜಾರಿಗೆ ತಂದ ಸುತ್ತೋಲೆಯ ಪ್ರಕಾರ, ಟ್ಯಾಗು ಓದಲ್ಪಟ್ಟ ವೇಳೆಗೆ 60 ನಿಮಿಷಗಳಿಗೂ ಮುಂಚಿನಿಂದ ನಿಷಿದ್ಧಸ್ಥಿತಿಯಲ್ಲಿದ್ದು, ಓದಿದ ಬಳಿಕ 10 ನಿಮಿಷಗಳವರೆಗೂ ಹಾಗೆಯೇ ಉಳಿದರೆ ಆ ವ್ಯವಹಾರ 176 ಎಂಬ ಕಾರಣಸಂಖ್ಯೆಯೊಡನೆ ತಿರಸ್ಕೃತವಾಗುತ್ತದೆ. ಮೊದಲ ಅವಧಿ, ಪಟ್ಟಿಯ ಬದಲಾವಣೆ ಎಲ್ಲ ಪ್ರತಿಗಳಿಗೂ ಹರಡಲು ಸಾಕಾಗುವಷ್ಟು ಕಾಲ. ಎರಡನೆಯದು, ಗೇಟಿನಲ್ಲಿ ನಿಂತು ಹಣ ತುಂಬಿಸಿದವನಿಗೆ ಸಿಗುವ ಅವಕಾಶ. ಬ್ಯಾಂಕುಗಳ ನಡುವೆ ಆಮೇಲೆ ಹುಟ್ಟುತ್ತಿದ್ದ ವಿವಾದಗಳಿಗೆ, ಯಾವ ಕ್ಷಣದ ಸ್ಥಿತಿಯನ್ನು ಪ್ರಮಾಣವೆಂದು ಹಿಡಿಯಬೇಕೆಂಬ ಪ್ರಶ್ನೆಗೆ, ಇದರಿಂದ ಅಂಕಿಗಳಲ್ಲಿ ಉತ್ತರ ದೊರೆತಂತಾಯಿತು.

ಗೇಟಿನ ಕೋಲೇ ಇಲ್ಲದ ಮುಕ್ತಪ್ರವಾಹ ಸುಂಕವ್ಯವಸ್ಥೆಗಾಗಿ ಗುಜರಾತಿನ ಚೋರಿಯಾಸಿ ಪ್ಲಾಜಾಕ್ಕೆ 2025ರ ಆಗಸ್ಟಿನಲ್ಲಿ ಒಪ್ಪಂದವಾಯಿತು. ವಾಹನ ನಿಲ್ಲದೆ ಸಾಗುವ ಅಂತಹ ರಸ್ತೆಯಲ್ಲಿ ಟ್ಯಾಗಿನ ಸ್ಥಿತಿಯನ್ನು ಅದೇ ಕ್ಷಣದಲ್ಲಿ ತಿಳಿಯುವ ಅಗತ್ಯ ಮಾಯವಾಗಿ, ಟ್ಯಾಗಿನ ಓದನ್ನೂ ಕ್ಯಾಮೆರಾ ಗುರುತಿಸಿದ ನೋಂದಣಿ ಸಂಖ್ಯೆಯನ್ನೂ ಒಂದೇ ಹಾದುಹೋಗುವಿಕೆಗೆ ಸೇರಿದುವೆಂದು ಆಮೇಲೆ ಹೊಂದಿಸುವ ಕಾಲಖಂಡಸ್ಥಿತಿಯು ನಿರ್ವಹಣೆಯ ಮುಖ್ಯ ಭಾರವಾಗುತ್ತದೆ.